ಟೇಲರ್ ಅಂದ್ರೆ ಯಾವ ಟೇಲರ್?

ಫಸ್ಟ್ ಇಯರ್ ಗಣಿತದಲ್ಲಿ ಟೇಲರ್ ಸರಣಿ ಬರುತ್ತದೆ. ಮೆಕ್ಯಾನಿಕಲ್‌ನವರಿಗೆ ಮಷೀನಿಂಗ್ ಪಾಠದಲ್ಲಿ ಟೇಲರ್ ಟೂಲ್ ಲೈಫ್ ಸಮೀಕರಣ ಬರುತ್ತದೆ. ಮ್ಯಾನೇಜ್‌ಮೆಂಟ್ ಪೇಪರ್ ಇದ್ದರೆ ಯಾವ ಬ್ರಾಂಚಿನವರೂ ತಪ್ಪಿಸಿಕೊಳ್ಳುವ ಹಾಗಿಲ್ಲ, ಅಲ್ಲಿ ಟೇಲರ್ ಹೇಳಿದ ವೈಜ್ಞಾನಿಕ ನಿರ್ವಹಣೆಯ ತತ್ವಗಳು ಕಾದು ಕೂತಿರುತ್ತವೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಸ್ವಲ್ಪ ಆಳಕ್ಕೆ ಇಳಿದರೆ ಟೇಲರ್ ಸಂಖ್ಯೆ, ರೇಲೀ–ಟೇಲರ್ ಅಸ್ಥಿರತೆ ಸಿಗುತ್ತವೆ.

ಈಗ ಕ್ಯಾಂಟೀನಿನಲ್ಲಿ ಹತ್ತು ಜನರನ್ನು ಕೇಳಿ ನೋಡಿ: ಇವೆಲ್ಲ ಒಬ್ಬರೇ ಟೇಲರ್ರಾ, ಬೇರೆ ಬೇರೆಯವರಾ? ಅರ್ಧ ಜನ ನಗುತ್ತಾರೆ. ಉಳಿದರ್ಧ ಜನ "ಯಾರಾದ್ರೇನು ಗುರು, ಫಾರ್ಮುಲಾ ಗೊತ್ತಿದ್ರೆ ಸಾಕಲ್ವಾ" ಅಂತಾರೆ. ನನ್ನ ತಕರಾರು ಇರುವುದು ಆ ಎರಡನೇ ಉತ್ತರದ ಬಗ್ಗೆ. ಸಾಲದು ಅಂತ ನನ್ನ ವಾದ. ಯಾಕೆ ಅಂತ ಹೇಳೋಕೆ ಮೊದಲು ಈ ಟೇಲರ್‌ಗಳನ್ನು ಒಬ್ಬೊಬ್ಬರಾಗಿ ಪರಿಚಯ ಮಾಡಿಕೊಳ್ಳೋಣ.

ಸರಣಿಯ ಟೇಲರ್ ಅಂದರೆ ಬ್ರೂಕ್ ಟೇಲರ್. ಹುಟ್ಟಿದ್ದು 1685ರಲ್ಲಿ ಇಂಗ್ಲೆಂಡಿನಲ್ಲಿ, ಓದಿದ್ದು ಕೇಂಬ್ರಿಡ್ಜ್‌ನಲ್ಲಿ. 1712ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1714ರಿಂದ ನಾಲ್ಕು ವರ್ಷ ಅದರ ಕಾರ್ಯದರ್ಶಿಯಾಗಿದ್ದರು. ಕ್ಯಾಲ್ಕುಲಸ್ ಮೊದಲು ಕಂಡುಹಿಡಿದದ್ದು ನ್ಯೂಟನ್ನಾ ಲೈಬ್ನಿಟ್ಸಾ ಎಂಬ ಜಗಳ ತೀರ್ಮಾನಿಸಲು ಮಾಡಿದ ಸಮಿತಿಯಲ್ಲೂ ಇದ್ದರು. ನಾವು ಪರೀಕ್ಷೆಗೆ ಉರು ಹೊಡೆಯುವ ಪ್ರಮೇಯ ಅಚ್ಚಾದದ್ದು 1715ರ ಇವರ ಲ್ಯಾಟಿನ್ ಪುಸ್ತಕದಲ್ಲಿ. ಅದೇ ವರ್ಷ ಚಿತ್ರಕಲೆಯ ಪರ್ಸ್‌ಪೆಕ್ಟಿವ್ ಬಗ್ಗೆಯೂ ಒಂದು ಪುಸ್ತಕ ಬರೆದರು. ಡ್ರಾಯಿಂಗ್ ಶೀಟಿನ ಮೇಲೆ ವ್ಯಾನಿಶಿಂಗ್ ಪಾಯಿಂಟ್ ಗುರುತಿಸುವಾಗ ನಾವು ಬಳಸುವ ತತ್ವವನ್ನು ಸಾಮಾನ್ಯ ರೂಪದಲ್ಲಿ ಹೇಳಿದವರಲ್ಲಿ ಇವರೂ ಒಬ್ಬರು. ಇದನ್ನು ಗಣಿತದ ಕ್ಲಾಸೂ ಹೇಳಲ್ಲ, ಡ್ರಾಯಿಂಗ್ ಕ್ಲಾಸೂ ಹೇಳಲ್ಲ.

ಇವರ ಬದುಕು ಮಾತ್ರ ಸುಖದ್ದಲ್ಲ. ತಂದೆಗೆ ಇಷ್ಟವಿಲ್ಲದ ಮದುವೆಯಾಗಿ ಮನೆಯವರಿಂದ ದೂರವಾದರು. ಆ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಎರಡನೇ ಹೆಂಡತಿಯೂ ಹೆರಿಗೆಯಲ್ಲೇ ಹೋದರು, ಮಗಳು ಉಳಿದಳು. ಮರುವರ್ಷ, 1731ರಲ್ಲಿ, ಬ್ರೂಕ್ ಟೇಲರ್ ತೀರಿಕೊಂಡಾಗ ಇನ್ನೂ 46 ವರ್ಷ. ಅವರ ಪ್ರಮೇಯದ ಮಹತ್ವ ಏನೆಂದು ಜಗತ್ತಿಗೆ ಗೊತ್ತಾದದ್ದು ಬಹಳ ತಡವಾಗಿ, 1772ರಲ್ಲಿ ಲಗ್ರಾಂಜ್ ಅದನ್ನು ಎತ್ತಿ ಹಿಡಿದ ಮೇಲೆ.

ಇನ್ನೊಂದು ಮಾತು. ಸರಣಿಯ ಮೇಲೆ ಟೇಲರ್ ಹೆಸರು ಇದೆ ಅಂದಮಾತ್ರಕ್ಕೆ ಕತೆ ಅಲ್ಲಿಂದಲೇ ಶುರುವಾಗುವುದಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿಗೆ 1671ರಲ್ಲೇ ಇಂಥ ಹಲವು ಸರಣಿಗಳು ಗೊತ್ತಿದ್ದವು. ಅದಕ್ಕೂ ಬಹಳ ಮೊದಲು, ಹದಿನಾಲ್ಕನೇ ಶತಮಾನದಲ್ಲಿ, ಕೇರಳದ ಸಂಗಮಗ್ರಾಮದ ಮಾಧವ ಸೈನ್, ಕೊಸೈನ್, ಆರ್ಕ್‌ಟ್ಯಾನ್‌ಗಳ ಅನಂತ ಸರಣಿಗಳನ್ನು ಕಂಡಿದ್ದರು. ಅವರ ಪರಂಪರೆಯ ಜ್ಯೇಷ್ಠದೇವ ಬರೆದ ಮಲಯಾಳಂ ಗ್ರಂಥ 'ಯುಕ್ತಿಭಾಷಾ'ದಲ್ಲಿ ಅದರ ವಿವರಣೆ ಇದೆ. ಹಾಗಂತ "ನಮ್ಮದನ್ನು ಕದ್ದರು" ಅಂತ ವಾಟ್ಸಾಪ್ ಫಾರ್ವರ್ಡ್ ಮಾಡುವ ಅಗತ್ಯವೂ ಇಲ್ಲ. ಮಾಧವರು ಕೊಟ್ಟದ್ದು ನಿರ್ದಿಷ್ಟ ಫಂಕ್ಷನ್‌ಗಳ ಸರಣಿ. ಬ್ರೂಕ್ ಟೇಲರ್ ಕೊಟ್ಟದ್ದು ಯಾವುದೇ ಫಂಕ್ಷನ್‌ಗೆ ಹೊಂದುವ ಸಾಮಾನ್ಯ ನಿಯಮ. ಇಬ್ಬರಿಗೂ ಅವರವರ ಪಾಲು ಸಲ್ಲಬೇಕು. ಸಲ್ಲಬೇಕಾದರೆ ಮೊದಲು ಯಾರು ಏನು ಮಾಡಿದರು ಅಂತ ಗೊತ್ತಿರಬೇಕು ತಾನೇ?

ಟೂಲ್ ಲೈಫ್ ಮತ್ತು ಮ್ಯಾನೇಜ್‌ಮೆಂಟ್ ಪಾಠದ ಟೇಲರ್ ಇಬ್ಬರಲ್ಲ, ಒಬ್ಬರೇ: ಅಮೆರಿಕದ ಫ್ರೆಡರಿಕ್ ವಿನ್ಸ್ಲೋ ಟೇಲರ್. 1856ರಲ್ಲಿ ಫಿಲಡೆಲ್ಫಿಯಾದ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದವರು. ಹಾರ್ವರ್ಡ್ ಪ್ರವೇಶ ಪರೀಕ್ಷೆ ಪಾಸಾದರೂ ಕಣ್ಣಿನ ತೊಂದರೆಯಿಂದ ಅಲ್ಲಿ ಓದಲಿಲ್ಲ, ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿದರು. ಮಿಡ್‌ವೇಲ್ ಸ್ಟೀಲ್ ಕಂಪನಿಯಲ್ಲಿ ದುಡಿಯುತ್ತಲೇ 1883ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಡಿಗ್ರಿ ತೆಗೆದುಕೊಂಡರು. ನಡುವೆ 1881ರಲ್ಲಿ ಅಮೆರಿಕದ ರಾಷ್ಟ್ರೀಯ ಟೆನಿಸ್ ಡಬಲ್ಸ್ ಕೂಡ ಗೆದ್ದರು!

ಲೋಹ ಕತ್ತರಿಸುವ ಬಗ್ಗೆ ಇವರು ಸುಮಾರು 26 ವರ್ಷ ಪ್ರಯೋಗ ಮಾಡಿದರು. ಎಂಟು ಲಕ್ಷ ಪೌಂಡ್ ಉಕ್ಕು, ಕಬ್ಬಿಣ ಚಿಪ್ಸ್ ಆಗಿ ಹೋಯಿತು. ಅದರ ಫಲವೇ 1906ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಮುಂದೆ ಅಧ್ಯಕ್ಷರಾಗಿ ಮಂಡಿಸಿದ ದೊಡ್ಡ ಪ್ರಬಂಧ. ಕಟಿಂಗ್ ಸ್ಪೀಡ್ ಹೆಚ್ಚಿಸಿದರೆ ಟೂಲ್ ಎಷ್ಟು ಬೇಗ ಸವೆಯುತ್ತದೆ ಎಂದು ನಾವು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ಸಮೀಕರಣದ ಹಿಂದೆ ಇಷ್ಟು ಲೋಹ, ಇಷ್ಟು ವರ್ಷ ಇದೆ.

ಆದರೆ ಇದೇ ಮನುಷ್ಯ ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಹಿಂದೆ ನಿಂತವರು ಕೂಡ. ಬೆಥ್ಲೆಹೆಮ್ ಸ್ಟೀಲ್‌ನಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊತ್ತು ವ್ಯಾಗನ್ನಿಗೆ ತುಂಬುವ ಕೆಲಸವನ್ನು ಅಳೆದರು. ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದ ಕಡೆ ನಲವತ್ತೇಳೂವರೆ ಟನ್ ಹೊರಿಸಿದೆ ಅಂತ 1911ರ ತಮ್ಮ ಪುಸ್ತಕದಲ್ಲಿ ಬರೆದರು. ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಲೆಕ್ಕ ನೀವೇ ಹಾಕಿ: ಕೆಲಸ ಹತ್ತಿರತ್ತಿರ ನಾಲ್ಕು ಪಟ್ಟು, ಕೂಲಿ ಒಂದಕ್ಕೆ ಒಂದು ಮುಕ್ಕಾಲೂ ಇಲ್ಲ. ಇಂಥ ಕೆಲಸಕ್ಕೆ ಎತ್ತಿನಷ್ಟು ಮಂದಬುದ್ಧಿಯವನೇ ಸರಿ ಎನ್ನುವ ಅರ್ಥದ ಮಾತೂ ಆ ಪುಸ್ತಕದಲ್ಲಿದೆ. ಅದೇ 1911ರಲ್ಲಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಈ ಸ್ಟಾಪ್‌ವಾಚ್ ಪದ್ಧತಿಯ ವಿರುದ್ಧ ಮೋಲ್ಡರ್‌ಗಳು ಕೆಲಸ ನಿಲ್ಲಿಸಿದರು. ವಿಚಾರಣೆ ಅಮೆರಿಕದ ಸಂಸತ್ತಿನ ಸಮಿತಿಯವರೆಗೂ ಹೋಯಿತು, ಟೇಲರ್ ಅವರೇ ಬಂದು ಸಾಕ್ಷಿ ಹೇಳಬೇಕಾಯಿತು.

ನಮ್ಮ ಉತ್ತರ ಪತ್ರಿಕೆಯಲ್ಲಿ ಇದು ಎಲ್ಲಿದೆ? ತತ್ವಗಳನ್ನು ನಂಬರ್ ಹಾಕಿ ಬರೆಯುತ್ತೇವೆ, ಮಾರ್ಕ್ಸ್ ತಗೋತೇವೆ. ಮುಷ್ಕರದ ಸುದ್ದಿ ಇಲ್ಲ. ನಾಳೆ ನಮ್ಮಲ್ಲಿ ಕೆಲವರು ಶಾಪ್ ಫ್ಲೋರಿನಲ್ಲಿ ಸ್ಟಾಪ್‌ವಾಚ್ ಹಿಡಿಯುವವರು, ಇನ್ನು ಕೆಲವರು ಕಂಪನಿಯ ಸಾಫ್ಟ್‌ವೇರಿನಿಂದ ನಿಮಿಷ ನಿಮಿಷಕ್ಕೆ ಅಳೆಸಿಕೊಳ್ಳುವವರು. ಬೈಕಿನಲ್ಲಿ ಊಟ ತಂದುಕೊಡುವ ಹುಡುಗನ ಫೋನಿನಲ್ಲಿ ಓಡುವ ಟೈಮರ್ ಕೂಡ ಇದೇ ಯೋಚನೆಯ ಮೊಮ್ಮಗ. ಇಂಥ ವಿಚಾರ ಬರೀ ಒಂದು ಅಡ್ಡಹೆಸರಿನ ಕೆಳಗೆ ನಾಲ್ಕು ಪಾಯಿಂಟಾಗಿ ಬಂದರೆ ಅದು ಪ್ರಕೃತಿ ನಿಯಮದ ಹಾಗೆ ಕಾಣುತ್ತದೆ. ಒಬ್ಬ ಮನುಷ್ಯ, ಒಂದು ಕಾಲದಲ್ಲಿ, ಒಂದು ವರ್ಗದ ಕಣ್ಣಿನಿಂದ ನೋಡಿ ಹೇಳಿದ್ದು ಅಂತ ಗೊತ್ತಾದರೆ ಮಾತ್ರ ಒಪ್ಪುವುದಕ್ಕೂ ಜಗಳ ಆಡುವುದಕ್ಕೂ ಜಾಗ ಸಿಗುತ್ತದೆ.

ಮೂರನೆಯವರು ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಜೆಫ್ರಿ ಇಂಗ್ರಾಮ್ ಟೇಲರ್, 1886ರಲ್ಲಿ ಹುಟ್ಟಿದವರು. ಅಡ್ಡಹೆಸರು ನಂಬಿ ಕೂತರೆ ಇವರ ವಂಶದ ಮುಖ್ಯ ಸಂಗತಿಯೇ ತಪ್ಪಿಹೋಗುತ್ತದೆ, ಯಾಕೆಂದರೆ ಅದು ಇರುವುದು ತಾಯಿಯ ಕಡೆ. ತಾಯಿಯ ತಂದೆ ಜಾರ್ಜ್ ಬೂಲ್, ನಮ್ಮ ಡಿಜಿಟಲ್ ಎಲೆಕ್ಟ್ರಾನಿಕ್ಸಿನ ಬೂಲಿಯನ್ ಆಲ್ಜಿಬ್ರಾದ ಬೂಲ್. ಅಜ್ಜಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಅಣ್ಣತಮ್ಮಂದಿರ ಮಗಳು. ಶಿಖರಕ್ಕೆ ಹೆಸರಿಟ್ಟಿದ್ದು ಅದೇ ಎವರೆಸ್ಟ್ ಅವರದ್ದು. ಒಂದೇ ಮನೆಯಲ್ಲಿ ಎಷ್ಟು ಪಠ್ಯಪುಸ್ತಕ ನೋಡಿ!

ಟೈಟಾನಿಕ್ ಮುಳುಗಿದ ಮರುವರ್ಷ, 1913ರಲ್ಲಿ, ಹಿಮಗಡ್ಡೆಗಳ ಮೇಲೆ ಕಣ್ಣಿಡಲು ಕಳಿಸಿದ 'ಸ್ಕೋಷಿಯಾ' ಹಡಗಿನಲ್ಲಿ ಇವರು ಹವಾಮಾನ ತಜ್ಞರಾಗಿ ಹೋದರು. ಅಲ್ಲಿ ಗಾಳಿಪಟ ಹಾರಿಸಿ ಗಾಳಿಯ ಪ್ರಕ್ಷುಬ್ಧತೆ ಅಳೆದರು. 1934ರಲ್ಲಿ ಲೋಹ ಯಾಕೆ ಬಾಗುತ್ತದೆ ಎಂಬುದಕ್ಕೆ ಡಿಸ್‌ಲೊಕೇಶನ್ ವಿವರಣೆ ಕೊಟ್ಟ ಮೂವರಲ್ಲಿ ಒಬ್ಬರಾದರು. ಸ್ವತಃ ಹಾಯಿದೋಣಿ ನಡೆಸುತ್ತಿದ್ದರಿಂದ ಹೊಸ ಬಗೆಯ ಲಂಗರು ಕೂಡ ಕಂಡುಹಿಡಿದರು.

1945ರ ಜುಲೈ 16ರಂದು ಅಮೆರಿಕದ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ ನಡೆದಾಗ ಜೆಫ್ರಿ ಟೇಲರ್ ಅಲ್ಲಿದ್ದರು. ಆಮೇಲೆ ಆ ಬೆಂಕಿಯುಂಡೆಯ ಚಿತ್ರಗಳು ಬಹಿರಂಗವಾದವು, ಪ್ರತಿಯೊಂದರಲ್ಲೂ ಸಮಯ ಮತ್ತು ಅಳತೆಪಟ್ಟಿ ಇತ್ತು. ಸೆಕೆಂಡಿನ ಸಾವಿರದಲ್ಲಿ 25ನೇ ಭಾಗದಲ್ಲಿ ಉಂಡೆಯ ತ್ರಿಜ್ಯ ಸುಮಾರು 140 ಮೀಟರ್. ಶಕ್ತಿ, ಸಮಯ, ಗಾಳಿಯ ಸಾಂದ್ರತೆ, ತ್ರಿಜ್ಯ ಎಂಬ ನಾಲ್ಕೇ ರಾಶಿಗಳನ್ನು ಡೈಮೆನ್ಷನಲ್ ಅನಾಲಿಸಿಸ್‌ನಿಂದ ಜೋಡಿಸಿ ಸ್ಫೋಟದ ಶಕ್ತಿ ಸುಮಾರು 17 ಸಾವಿರ ಟನ್ ಟಿಎನ್‌ಟಿಗೆ ಸಮ ಎಂದು ತೋರಿಸಿ, 1950ರಲ್ಲಿ ಪ್ರಕಟಿಸಿದರು. ಬಾಂಬಿನ ಬಲ ಎಷ್ಟು ಎಂಬ ಗುಟ್ಟು ಫೋಟೋದಲ್ಲೇ ಇತ್ತು! "ಡೈಮೆನ್ಷನಲ್ ಅನಾಲಿಸಿಸ್ ಯಾಕ್ ಓದ್ಬೇಕು ಸಾರ್" ಅಂತ ಕೇಳುವ ಹಿಂದಿನ ಬೆಂಚಿಗೆ ಇದೊಂದು ಕತೆ ಸಾಕು. ಕ್ಲಾಸಿನಲ್ಲಿ ಐದು ನಿಮಿಷವೂ ಹಿಡಿಯಲ್ಲ.

ಕಂಪ್ಯೂಟರ್ ಸೈನ್ಸಿನವರು "ನಮಗೆ ಟೇಲರ್ ಇಲ್ಲ" ಅಂತ ಬೇಜಾರಾಗಬೇಡಿ. ರಾಬರ್ಟ್ ಟೇಲರ್, ಎಲ್ಲರ ಬಾಯಲ್ಲಿ ಬಾಬ್ ಟೇಲರ್. ಇವರು ಓದಿದ್ದು ಸೈಕಾಲಜಿ. 1966ರಲ್ಲಿ ಪೆಂಟಗನ್‌ನ ಇವರ ಆಫೀಸಿನಲ್ಲಿ ಮೂರು ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಮೂರು ಬೇರೆ ಟರ್ಮಿನಲ್‌ಗಳಿದ್ದವು. ಒಂದರ ಲಾಗಿನ್ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಒಂದೇ ಟರ್ಮಿನಲ್‌ನಿಂದ ಎಲ್ಲಿಗೆ ಬೇಕಾದರೂ ಹೋಗುವಂತಿರಬೇಕು ಎನ್ನುವ ಯೋಚನೆಗೆ ಮೇಲಧಿಕಾರಿಯಿಂದ ಹತ್ತು ಲಕ್ಷ ಡಾಲರ್ ಒಪ್ಪಿಗೆ ತಂದರು. ಅದೇ ಆರ್ಪಾನೆಟ್ ಆಯಿತು, 1969ರ ಅಕ್ಟೋಬರ್‌ನಲ್ಲಿ ಮೊದಲ ಸಂದೇಶ ಹೋಯಿತು. ಆಮೇಲೆ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ಪರ್ಸನಲ್ ಕಂಪ್ಯೂಟರ್ ಹುಟ್ಟಿಸಿದ ತಂಡವನ್ನು ಕಟ್ಟಿದರು. ಅಂದಹಾಗೆ ಟೇಲರ್ ಎಂಬುದು ಅವರಿಗೆ ರಕ್ತದಿಂದ ಬಂದ ಹೆಸರೂ ಅಲ್ಲ. ಶಿಶುವಾಗಿದ್ದಾಗಲೇ ದತ್ತು ತೆಗೆದುಕೊಂಡ ಪಾದ್ರಿಯ ಮನೆಯ ಹೆಸರು.

ಇಲ್ಲಿವರೆಗೆ ಬಂದವರೆಲ್ಲ ಒಂದಲ್ಲ ಒಂದು ಕಡೆ ಪಠ್ಯದಲ್ಲಿ ಸಿಗುವವರು. ಯಾವ ಸಮೀಕರಣದ ಮೇಲೂ ಹೆಸರಿಲ್ಲದ ಒಬ್ಬ ಟೇಲರ್ ಇದ್ದಾರೆ, ನನಗೆ ಎಲ್ಲರಿಗಿಂತ ಮುಖ್ಯ ಅನ್ನಿಸುವವರು. ರಾಬರ್ಟ್ ರಾಬಿನ್ಸನ್ ಟೇಲರ್, ಹುಟ್ಟಿದ್ದು 1868ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ತಂದೆ ಹೆನ್ರಿ ಹುಟ್ಟಿದ್ದು ಗುಲಾಮಗಿರಿಯಲ್ಲಿ. ಹೆನ್ರಿಯ ಬಿಳಿಯ ತಂದೆಯೇ ಅವರ ಮಾಲೀಕ. ಟೇಲರ್ ಅನ್ನುವ ಹೆಸರು ಈ ಮನೆಗೆ ಬಂದದ್ದು ಹಾಗೆ. ಬಿಡುಗಡೆಯಾದ ಹೆನ್ರಿ ಬಡಗಿಯಾಗಿ ಬೆಳೆದರು. ಮಗ ಎಂಐಟಿಯಲ್ಲಿ ಆರ್ಕಿಟೆಕ್ಚರ್ ಓದಿ 1892ರಲ್ಲಿ ಹೊರಬಂದರು, ಎಂಐಟಿಯ ಮೊದಲ ಕಪ್ಪು ಪದವೀಧರರಾಗಿ. ಆಮೇಲೆ ಬೂಕರ್ ಟಿ. ವಾಷಿಂಗ್ಟನ್ನರ ಟಸ್ಕಿಗೀ ಸಂಸ್ಥೆಗೆ ಹೋಗಿ ಕಟ್ಟಡದ ಮೇಲೆ ಕಟ್ಟಡ ಕಟ್ಟಿದರು. ಇಟ್ಟಿಗೆ ಸುಟ್ಟು ಗೋಡೆ ಎಬ್ಬಿಸಿದವರು ಅಲ್ಲಿನ ವಿದ್ಯಾರ್ಥಿಗಳೇ. ಬ್ರೂಕ್ ಟೇಲರ್‌ಗೂ ಇವರಿಗೂ ಒಂದೇ ಅಡ್ಡಹೆಸರು. ಆ ಹೆಸರು ಎರಡೂ ಮನೆಗೆ ಬಂದ ದಾರಿ ಮಾತ್ರ ಒಂದೇ ಅಲ್ಲ.

ನಮ್ಮ ನಾಡಿಗೆ ಬಂದ ಒಬ್ಬ ಟೇಲರ್ ಕೂಡ ಇದ್ದಾರೆ. ಯಾದಗಿರಿ ಜಿಲ್ಲೆಯ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಅದು ಫಿಲಿಪ್ ಮೆಡೋಸ್ ಟೇಲರ್ ಅವರದ್ದು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದನೇ ವಯಸ್ಸಿಗೆ ಹಡಗು ಹತ್ತಿ ಮುಂಬೈಗೆ ಬಂದು, ನಿಜಾಮರ ಸೇವೆಗೆ ಸೇರಿದರು. 1841ರಿಂದ ಹನ್ನೆರಡು ವರ್ಷ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡರು. ಕಾಲೇಜು ಮೆಟ್ಟಿಲು ಹತ್ತದೆ ಕಾನೂನು, ಸರ್ವೇ, ಇಂಜಿನಿಯರಿಂಗ್ ಎಲ್ಲವನ್ನೂ ತಾವೇ ಕಲಿತವರು. ರಾಜನ ಕೋಳೂರಿನ ಸುತ್ತಮುತ್ತ ಇರುವ ಬೃಹತ್ ಶಿಲಾ ಸಂಸ್ಕೃತಿಯ ಕಲ್ಲಿನ ಗೋರಿಗಳ ಬಗ್ಗೆ ಮೊದಮೊದಲು ಬರೆದವರಲ್ಲಿ ಒಬ್ಬರು. 1839ರ ಇವರ ಠಗ್ಗರ ಕಾದಂಬರಿ ಇಂಗ್ಲೆಂಡಿನಲ್ಲಿ ಭಾರೀ ಜನಪ್ರಿಯವಾಯಿತು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಇವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ ಅಂತ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಎಳೆಯ ಪ್ರಾಯದಲ್ಲೇ ಸತ್ತ. ಈ ಟೇಲರನ್ನು ಒಳ್ಳೆಯ ಸಾಹೇಬ ಅನ್ನಬೇಕೋ, ಆಳಲು ಬಂದವರಲ್ಲಿ ಒಬ್ಬ ಅನ್ನಬೇಕೋ? ಎರಡೂ ಹೌದು. ಒಂದು ಪದದ ಹೆಸರಿನಲ್ಲಿ ಅಷ್ಟು ದೊಡ್ಡ ಕತೆ ಹಿಡಿಯಲ್ಲ.

ಹಾಗಾದರೆ ಟೇಲರ್ ಎಂಬ ಪದದಲ್ಲಿ ಇರುವುದೇನು? ನಮ್ಮ ಬೀದಿಯ ಟೇಲರ್ ಅಂಗಡಿಯದೇ ಟೇಲರ್. ಹಳೇ ಫ್ರೆಂಚಿನಲ್ಲಿ ಕತ್ತರಿಸುವವ ಎಂದು ಅರ್ಥ. ಯಾವುದೋ ಕಾಲದ ಹಳ್ಳಿಯಲ್ಲಿ ಬಟ್ಟೆ ಕತ್ತರಿಸಿ ಹೊಲಿಯುತ್ತಿದ್ದವನ ಕಸುಬು ಮಕ್ಕಳು ಮೊಮ್ಮಕ್ಕಳಿಗೆ ಹೆಸರಾಗಿ ಅಂಟಿಕೊಂಡಿತು. ಎಷ್ಟೋ ಊರಲ್ಲಿ ಎಷ್ಟೋ ದರ್ಜಿಗಳಿದ್ದರು, ಆದ್ದರಿಂದ ಈ ಟೇಲರ್‌ಗಳೆಲ್ಲ ನೆಂಟರಲ್ಲ. ಇವತ್ತು ಇಂಗ್ಲೆಂಡಿನ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಇದೂ ಒಂದು. ಸಮೋವಾ ಮೂಲದ ತಾಯಿಯ ಮಗ, ನ್ಯೂಜಿಲೆಂಡಿನ ರಾಸ್ ಟೇಲರ್, ನಮ್ಮ ಆರ್‌ಸಿಬಿ ಜರ್ಸಿ ಹಾಕಿ ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಬಾರಿಸುವಾಗ ಅವರ ಮುತ್ತಾತ ಬಟ್ಟೆ ಹೊಲಿಯುತ್ತಿದ್ದರಾ ಅಂತ ಯಾರೂ ಕೇಳಲಿಲ್ಲ. ಅಲ್ಲಿ ಕಸುಬಿನ ಹೆಸರು ಕಸುಬಿನಿಂದ ಯಾವತ್ತೋ ಕಳಚಿಕೊಂಡಿದೆ.

ನಮ್ಮಲ್ಲಿ? ಉತ್ತರ ಕರ್ನಾಟಕದಲ್ಲಿ ಬಡಿಗೇರ, ಕಂಬಾರ, ಕುಂಬಾರ, ಪತ್ತಾರ, ಹೂಗಾರ, ದರ್ಜಿ ಎಂಬ ಅಡ್ಡಹೆಸರುಗಳಿವೆ. ಹುಟ್ಟಿದ ರೀತಿ ಟೇಲರ್, ಸ್ಮಿತ್, ಪಾಟರ್ ಹುಟ್ಟಿದ ರೀತಿಯೇ. ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂದಾಗ ಕಮ್ಮಾರರ ಮನೆಯ ಹೆಸರೇ ಕನ್ನಡದ ಹೆಮ್ಮೆಯ ಹೆಸರಾಯಿತು. ಆದರೆ ಹಾಸ್ಟೆಲಿನಲ್ಲಿ ಹೊಸ ಹುಡುಗ ಬಂದರೆ "ಅಡ್ಡಹೆಸರೇನಪ್ಪ?" ಅಂತ ಕೇಳುವ ಧಾಟಿ ನಮಗೆಲ್ಲ ಗೊತ್ತು. ಅದು ಹೆಸರು ತಿಳಿಯಲು ಕೇಳುವ ಪ್ರಶ್ನೆ ಅಲ್ಲ, ಜಾತಿ ತಿಳಿಯಲು ಕೇಳುವ ಪ್ರಶ್ನೆ. ಇನಿಶಿಯಲ್ ಮಾತ್ರ ಇರುವ ಹಳೇ ಮೈಸೂರಿನ ಕಡೆಯವರಿಗೆ "ಫುಲ್ ನೇಮ್ ಏನು?", "ಊರಲ್ಲಿ ಮನೆ ಯಾವ ಬೀದೀಲಿ?" ಅಂತ ಅದೇ ಪ್ರಶ್ನೆ ಸುತ್ತು ಬಳಸಿ ಬರುತ್ತದೆ. ಉತ್ತರ ಸಿಕ್ಕ ಕೂಡಲೇ ಕೇಳಿದವರ ಮನಸ್ಸಿನಲ್ಲಿ ಒಂದು ಫೈಲ್ ತೆರೆದು ಮುಚ್ಚಿಹೋಗುತ್ತದೆ. ಆ ಹುಡುಗ ಚೆಸ್ ಆಡ್ತಾನಾ, ಕೋಡ್ ಬರೀತಾನಾ, ಮನೇಲಿ ಯಾರಿದ್ದಾರೆ, ಯಾವುದೂ ಆಮೇಲೆ ಬೇಕಾಗುವುದಿಲ್ಲ.

ಪಾಠದಲ್ಲಿ ಟೇಲರ್ ಎಂದು ಬರೆದು ಮುಂದೆ ಹೋಗುವುದಕ್ಕೂ ಇದಕ್ಕೂ ಹೋಲಿಕೆ ಇದೆ ಅಂತ ನನಗನ್ನಿಸುತ್ತದೆ. ಎರಡೂ ಸಮ ಅಂತ ಹೇಳ್ತಿಲ್ಲ. ಒಂದರಿಂದ ಯಾರಿಗೂ ಗಾಯ ಆಗಲ್ಲ, ಇನ್ನೊಂದರಿಂದ ಆಗುತ್ತದೆ. ಆದರೆ ಎರಡರ ಹಿಂದಿನ ಅಭ್ಯಾಸ ಒಂದೇ: ಅಡ್ಡಹೆಸರು ಗೊತ್ತಾದರೆ ಮನುಷ್ಯ ಗೊತ್ತಾದ ಹಾಗೆ ಅಂದುಕೊಳ್ಳುವುದು. ಒಂದೇ ಹೆಸರಿನ ಕೆಳಗೆ ಹೆಂಡತಿ ಮಕ್ಕಳನ್ನು ಕಳೆದುಕೊಂಡ ಗಣಿತಜ್ಞ, ಸ್ಟಾಪ್‌ವಾಚ್ ಹಿಡಿದ ಇಂಜಿನಿಯರ್, ಗಾಳಿಪಟ ಹಾರಿಸಿದ ವಿಜ್ಞಾನಿ, ದತ್ತುಮಗ, ಗುಲಾಮನ ಮಗ, ಸುರಪುರದ ಸಾಹೇಬ ಇಷ್ಟು ಜನ ಇದ್ದಾರೆ ಅಂತ ಒಮ್ಮೆ ನೋಡಿದವರಿಗೆ, ಪಕ್ಕದ ರೂಮಿನವನನ್ನೂ ಅಡ್ಡಹೆಸರಿನಿಂದ ಅಳೆಯುವುದು ಸ್ವಲ್ಪ ಕಷ್ಟವಾದೀತು.

"ಸಿಲಬಸ್ ಮುಗಿಸೋಕೇ ಟೈಮಿಲ್ಲ, ಇದನ್ನೆಲ್ಲ ಯಾವಾಗ ಹೇಳೋದು?" ಅಂತ ಮೇಷ್ಟ್ರುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಂಟರ್ನಲ್ಸ್, ಲ್ಯಾಬ್, ರೆಕಾರ್ಡ್ ನಡುವೆ ಅವರೂ ಒದ್ದಾಡುತ್ತಿದ್ದಾರೆ. ನಾನು ಹೊಸ ಪೇಪರ್ ಕೇಳುತ್ತಿಲ್ಲ. ಬೋರ್ಡಿನ ಮೇಲೆ ಮೊದಲ ಸಲ ಒಂದು ಹೆಸರು ಬರೆಯುವಾಗ ಪೂರ್ತಿ ಹೆಸರು, ಇಸವಿ, ದೇಶ ಬರೆಯಿರಿ ಸಾಕು. ಬ್ರೂಕ್ ಟೇಲರ್, 1715, ಇಂಗ್ಲೆಂಡ್. ಹತ್ತು ಸೆಕೆಂಡ್ ಕೆಲಸ. ಲ್ಯಾಬ್ ಮ್ಯಾನ್ಯುಯಲ್‌ನಲ್ಲೂ ಹಾಗೇ ಅಚ್ಚು ಹಾಕಿಸಿ. ಕುತೂಹಲ ಇದ್ದವರು ಮುಂದಿನದನ್ನು ತಾವೇ ಹುಡುಕಿಕೊಳ್ಳುತ್ತಾರೆ, ಫೋನ್ ಅಂತೂ ಕೈಯಲ್ಲೇ ಇರುತ್ತೆ.

ಉಳಿದದ್ದು ನಮ್ಮ ಕನ್ನಡ ಸಂಘದ ಕೆಲಸ. ರಾಜ್ಯೋತ್ಸವದ ಕುಣಿತ, ಕ್ವಿಜ್ ಎಲ್ಲ ಇರಲಿ, ಬೇಡ ಅನ್ನಲ್ಲ. ಅದರ ಜೊತೆ ಪ್ರತಿ ಸೆಮಿಸ್ಟರ್‌ಗೆ ಬ್ರಾಂಚಿಗೊಬ್ಬರಂತೆ, ನಮ್ಮ ಪಠ್ಯದಲ್ಲಿ ಬರುವ ಒಂದೊಂದು ಹೆಸರನ್ನು ಹಿಡಿದು ಒಂದೊಂದು ಪುಟ ಕನ್ನಡದಲ್ಲಿ ಬರೆಯೋಣ. ಫಾರ್ಮುಲಾ ಅಲ್ಲ, ಮನುಷ್ಯರ ಬಗ್ಗೆ. ಸಿವಿಲ್‌ನವರು ರಾಬರ್ಟ್ ರಾಬಿನ್ಸನ್ ಟೇಲರ್ ತಗೊಳ್ಳಲಿ, ಮೆಕ್ಯಾನಿಕಲ್‌ನವರು ಫ್ರೆಡರಿಕ್ ಟೇಲರ್ ತಗೊಂಡು ವಾಟರ್‌ಟೌನ್ ಮುಷ್ಕರವನ್ನೂ ಬರೆಯಲಿ. ಸುರಪುರ, ಶಹಾಪುರ, ಯಾದಗಿರಿ ಕಡೆಯಿಂದ ಬಂದವರು ಇದ್ದರೆ ರಜೆಗೆ ಊರಿಗೆ ಹೋದಾಗ ಟೇಲರ್ ಮಂಜಿಲ್ ಹತ್ತಿ, ಅಲ್ಲಿಯ ಹಿರಿಯರು ಆ ಸಾಹೇಬರ ಬಗ್ಗೆ ಏನಂತಾರೆ ಕೇಳಿಕೊಂಡು ಬರಲಿ. ಇಂಗ್ಲಿಷ್ ಪುಸ್ತಕದಲ್ಲಿ ಸಿಗದ ಸಂಗತಿ ಅಲ್ಲಿ ಸಿಗಬಹುದು.

ಮತ್ತೆ, ಮುಂದಿನ ತಿಂಗಳು ಹಾಸ್ಟೆಲಿಗೆ ಹೊಸ ಬ್ಯಾಚ್ ಬರುತ್ತದೆ. ಅಡ್ಡಹೆಸರು ಕೇಳಬೇಡಿ. ಹೆಸರು ಕೇಳಿ, ಊಟ ಆಯ್ತಾ ಕೇಳಿ.